ಹಿಂದಿನ ಸೀಟಿನ ಊದುಬತ್ತಿ

ತೊಂಬತ್ತೆಂಟರಲ್ಲಿ ಅಣ್ಣ ಬಸವಲಿಂಗ ತೀರಿಕೊಂಡ ಮೇಲೆ ಅವನ ಹಳೆಯ ಮೋಟಾರ್ ಸೈಕಲ್ ನನ್ನ ಪಾಲಿಗೆ ಬಂತು. ಸಂಪಗಾಂವದ ಏರು ಹತ್ತುವಾಗಲೆಲ್ಲ ನನ್ನ ಕಾಲಬಳಿ ಟಕ್ ಟಕ್ ಸದ್ದು. ಟ್ಯಾಂಕನ್ನು ಬೆರಳಿನಿಂದ ಹಾಗೇ ತಟ್ಟುವ ಚಟ ಅಣ್ಣನಿಗಿತ್ತು. ನನಗೆ ನಿದ್ದೆಯೇ ಹತ್ತದಾಯಿತು.

ಅಮಾವಾಸ್ಯೆಯ ಮಧ್ಯಾಹ್ನ ಬೈಲಹೊಂಗಲದ ಮೆಕ್ಯಾನಿಕ್ ನೀಲಪ್ಪನಿಗೆ ಎಲ್ಲ ಹೇಳಿದೆ. “ಸೈಲೆನ್ಸರ್ ಬಾಯಿ ಹಸಿ ಅರಿವಿಲೆ ಒತ್ತಿ ಹಿಡೀರಿ,” ಎಂದವನೇ ಒದ್ದೆ ಬಟ್ಟೆಯನ್ನು ನನ್ನ ಕೈಗಿತ್ತು, ಗಾಡಿ ಚಾಲೂ ಮಾಡಿ, ಅಂಗಡಿಯ ಪೂಜೆಗೆ ಹಚ್ಚಿದ್ದ ಊದುಬತ್ತಿಯನ್ನು ಎಂಜಿನ್ನಿಗೆ ಪೈಪು ಕೂಡುವಲ್ಲಿ ಹಿಡಿದ. ಟಕ್ ಎಂದಾಗಲೆಲ್ಲ ಊದುಬತ್ತಿಯ ಹೊಗೆ ಆ ಸಂದಿನಿಂದ ಆಚೆಗೆ ಚಿಮ್ಮಿತು.

“ನಿಮ್ಮ ದೆವ್ವ ಇದ ನೋಡ್ರಿ! ವಾಶರ್ ಸುಟ್ಟೈತಿ, ಹೊಗಿ ಸೋರಾಕ ಹತ್ತೈತಿ, ಅದಕ ಟಕ್ ಟಕ್ ಅಂತೈತಿ.”

ಹೊಸ ವಾಶರ್ ಹಾಕಿದ. ಸದ್ದು ನಿಂತಿತು. ಎದೆಯ ಭಾರ ಇಳಿದು ಜೋರಾಗಿ ನಕ್ಕುಬಿಟ್ಟೆ.

“ಅಮಾವಾಸಿ ಐತಲ್ರಿ, ಗಾಡಿಗೂ ಪೂಜಿ ಆಗ್ಲಿ,” ಎಂದು ನೀಲಪ್ಪ ಎಂಜಿನ್ ಬಂದ್ ಮಾಡಿ, ಊದುಬತ್ತಿಯನ್ನು ಹಿಂದಿನ ಸೀಟಿಗೆ ಸಿಕ್ಕಿಸಿ ಕೈ ತೊಳೆಯಲು ಹೋದ.

ಗಾಳಿಯಿರಲಿಲ್ಲ. ನೆಟ್ಟಗೆ ಏರುತ್ತಿದ್ದ ಹೊಗೆ, ಅಲ್ಲಿ ಯಾರಾದರೂ ಕೂತರೆ ಮುಖ ಬರುವ ಎತ್ತರದಲ್ಲಿ, ಉಸಿರು ತಾಗಿದಂತೆ ಬಿಟ್ಟುಬಿಟ್ಟು ಪಕ್ಕಕ್ಕೆ ಸರಿಯುತ್ತಿತ್ತು.

ಆ ಸದ್ದು ಮತ್ತೆ ಬರಲಿಲ್ಲ. ನಿದ್ದೆ ಚೆನ್ನಾಗಿ ಹತ್ತುತ್ತದೆ. ಹಿಂದಿನ ಸೀಟಿನಲ್ಲಿ ಮಾತ್ರ ಇವತ್ತಿಗೂ ಯಾರನ್ನೂ ಕೂರಿಸಿಕೊಂಡಿಲ್ಲ.