ಬೆಳ್ಳಿ ಸೋಕದ ಹನ್ನೆರಡನೆಯದು

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಕ್ಯಾನ್ಸರ್ ಆಸ್ಪತ್ರೆಯ ಸಂಶೋಧನಾ ವಿಭಾಗದ ಮುಖ್ಯಸ್ಥೆ ಠಾಣೆಗೆ ಬಂದು ಕಳವಿನ ದೂರು ಕೊಟ್ಟರು.

"ಏನು ಹೋಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಒಂದು ಫ್ಲಾಸ್ಕ್."

"ಕಾಫಿ ಫ್ಲಾಸ್ಕಾ ಮೇಡಂ?" ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ತಲೆಯೆತ್ತಿದ.

"ಅಲ್ಲ. ಅಂಗೈ ಅಗಲದ ಚಪ್ಪಟೆ ಪ್ಲಾಸ್ಟಿಕ್ ಬಾಟಲಿ. ಒಳಗಿರೋದು ಕ್ಯಾನ್ಸರ್ ಜೀವಕೋಶ. ಜೀವ ಇದೆ ಅದಕ್ಕೆ."

ಹೆಡ್ ಕಾನ್‌ಸ್ಟೆಬಲ್ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡ. "ಅಂಟುತ್ತಾ?"

"ಇಲ್ಲ ಕಣ್ರೀ, ಬರ್ಕೊಳ್ಳಿ."

ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಬೆಳ್ಳಿಯ ಕಣಗಳು ಕ್ಯಾನ್ಸರ್ ಕೋಶಗಳನ್ನು ಎಷ್ಟರಮಟ್ಟಿಗೆ ಕೊಲ್ಲುತ್ತವೆ ಎಂಬುದು ಅವರ ಪ್ರಯೋಗ. ಒಬ್ಬಳೇ ರೋಗಿಯ ಗೆಡ್ಡೆಯಿಂದ ಬೆಳೆಸಿದ ಕೋಶಗಳನ್ನು ಹನ್ನೆರಡು ಫ್ಲಾಸ್ಕ್‌ಗಳಿಗೆ ಹಂಚಿ, ಹನ್ನೊಂದಕ್ಕೆ ಬೆಳ್ಳಿ ಬೆರೆಸಿದ್ದರು. ಹನ್ನೆರಡನೆಯದನ್ನು ಹೋಲಿಕೆಗಾಗಿ ಹಾಗೆಯೇ ಉಳಿಸಿದ್ದರು. ಕಾಣೆಯಾದದ್ದು ಅದೇ. ಹೋಲಿಕೆ ಇಲ್ಲದಿದ್ದರೆ ಎರಡು ವರ್ಷಗಳ ದುಡಿಮೆ ನೀರುಪಾಲು.

ಒಂಬತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಆಸ್ಪತ್ರೆಯೆದುರಿನ ಔಷಧದಂಗಡಿಯವ ಹಾಗೂ ಅಲ್ಲಿಯ ಎಲೆಕ್ಟ್ರೀಷಿಯನ್ ಪಂಚರಾಗಿ ಸಾಕ್ಷಿಗೆ ನಿಂತು ಸ್ಥಳ ಪಂಚನಾಮೆ ನಡೆಯಿತು. ಫ್ಲಾಸ್ಕ್‌ಗಳನ್ನು ಬೆಚ್ಚಗಿಡುವ ಕಾವುಪೆಟ್ಟಿಗೆಯ ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ವಿಭಾಗದ ನಾಲ್ವರು ನೌಕರರ ಬಳಿ.

"ಹೊರಗೆ ಒಯ್ದರೆ ಎಷ್ಟು ದಿನ ಬದುಕುತ್ತೆ?" ಇನ್‌ಸ್ಪೆಕ್ಟರ್ ಮುಖ್ಯಸ್ಥೆಯನ್ನು ಕೇಳಿದರು.

"ಮುಚ್ಚಳ ಬಿಗಿಯಾಗಿದ್ದರೆ ಎರಡು ಮೂರು ದಿನ. ಆದರೆ ಮೂವತ್ತೇಳು ಡಿಗ್ರಿ ಕಾವು ಬೇಕೇ ಬೇಕು. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು."

"ಅಷ್ಟು ಕರಾರುವಾಕ್ಕಾಗಿ ಬೇರೆಲ್ಲಿ ಸಿಗುತ್ತೆ?"

ಮುಖ್ಯಸ್ಥೆ ಯೋಚಿಸಿದರು. "ಮನುಷ್ಯರ ಮೈಯಲ್ಲಿ."

ಇನ್‌ಸ್ಪೆಕ್ಟರ್ ನಾಲ್ವರನ್ನೂ ಮೊಗಸಾಲೆಗೆ ಕರೆಸಿದರು. ಮಧ್ಯಾಹ್ನ ಹನ್ನೆರಡೂಕಾಲು, ಸೆಕೆಗೆ ಗೋಡೆಯೂ ಬೆವರುವಂತಿತ್ತು. ಇಪ್ಪತ್ತೆರಡು ವರ್ಷಗಳಿಂದ ಕೋಶಗಳನ್ನು ಸಾಕುತ್ತಿದ್ದ ಹಿರಿಯ ತಂತ್ರಜ್ಞ ಮಾತ್ರ ಸ್ವೆಟರಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಎಡಗೈಯನ್ನು ಪಕ್ಕೆಗೆ ಒತ್ತಿ ನಿಂತಿದ್ದ.

"ಏನಣ್ಣಾ, ಹಿಮ ಬೀಳ್ತಿದೆಯಾ ನಿಮ್ಮ ಕಡೆ?" ಹೆಡ್ ಕಾನ್‌ಸ್ಟೆಬಲ್ ಕೇಳಿದ.

"ಸ್ವಲ್ಪ ಜ್ವರ."

"ಕೈ ಎತ್ತಿ," ಇನ್‌ಸ್ಪೆಕ್ಟರ್ ಹೇಳಿದರು.

ಆತ ಎತ್ತಲಿಲ್ಲ. "ನಾನೇ ತೆಗೆದುಕೊಡ್ತೀನಿ ಸರ್. ಅಲುಗಾಡಿಸಬೇಡಿ."

ಬ್ಯಾಂಡೇಜು ಬಟ್ಟೆಯ ಮೂರು ಸುತ್ತು ಬಿಚ್ಚಿದ ಮೇಲೆ ಫ್ಲಾಸ್ಕ್ ಹೊರಬಂತು. ಮೇಲಿನ ಚೀಟಿಯಲ್ಲಿ ಬರೀ ಸಂಖ್ಯೆ: ೪೧೭.

"ಯಾರಿಗೆ ಮಾರೋಕೆ?"

"ಮಾರೋದಾ?" ಆತ ಚೀಟಿಯ ಮೇಲೆ ಬೆರಳಿಟ್ಟ. "ನನ್ನ ಹೆಂಡ್ತಿ ಸರ್ ಅದು."

ಪತ್ನಿ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಶಸ್ತ್ರಚಿಕಿತ್ಸೆಯ ಕೋಣೆಯಿಂದ ಬಂದ ಗೆಡ್ಡೆಯನ್ನು ಇಸಿದುಕೊಂಡು ಆ ಸಂಖ್ಯೆ ಅಂಟಿಸಿದವನು ಆತನೇ.

"ಅವರನ್ನ ಕೊಂದದ್ದೇ ಇದಲ್ವೇನ್ರೀ?"

"ಗೊತ್ತು ಸರ್. ಕೊನೇ ತಿಂಗಳು ಅವಳಿಗೆ ಒಂದು ತುತ್ತೂ ಇಳೀಲಿಲ್ಲ. ಇದು ಉಣ್ಣುತ್ತೆ. ಎರಡು ದಿನಕ್ಕೊಮ್ಮೆ ನಾನೇ ಉಣಿಸ್ತೀನಿ. ನಾಳೆ ಕೋಶಗಳ ಎಣಿಕೆ ಮುಗಿದ ಮೇಲೆ ಇದಕ್ಕೂ ಬ್ಲೀಚ್ ಸುರಿದು ಸಾಯಿಸಬೇಕಿತ್ತು. ಸುರಿಯೋ ಕೆಲಸವೂ ನಂದೇ."

"ಒಂದು ಮಾತು ಹೇಳಬಾರದಿತ್ತಾ?" ಮುಖ್ಯಸ್ಥೆ ಕೇಳಿದರು.

"ಯಾರದು ಅಂತ ನೀವು ಒಂದು ದಿನ ಕೇಳಿದ್ರಾ ಮೇಡಂ?"

ಒಪ್ಪಿಗೆ ಪತ್ರದಲ್ಲಿ ಆ ಹೆಣ್ಣಿನ ಸಹಿಗೆ ಜಾಗವಿತ್ತು. ಆಕೆ ಯಾರಿಗೆ ಏನಾಗಬೇಕೆಂದು ವಿಚಾರಿಸುವ ಸೌಜನ್ಯಕ್ಕೆ ಇರಲಿಲ್ಲ. ಜೀವ ಉಳಿಸಲು ಹೊರಟ ವಿದ್ಯೆಗೆ, ಸಂಖ್ಯೆಯ ಹಿಂದಿನ ಮನುಷ್ಯರನ್ನು ಮರೆಯುವ ಹಕ್ಕನ್ನು ಕೊಟ್ಟವರಾರು? ಆದರೂ ಕಳವು ಕಳವೇ. ಆ ಪ್ರಯೋಗದ ಫಲಕ್ಕಾಗಿ ವಾರ್ಡುಗಳಲ್ಲಿ ಕಾದು ಮಲಗಿದವರೂ ಯಾರದೋ ಹೆಂಡತಿಯರು, ಯಾರದೋ ತಾಯಂದಿರು.

ಒಂದು ಗಂಟೆಗೆ ಜಪ್ತಿ ಪಂಚನಾಮೆ, ಒಂದೂವರೆಗೆ ದಸ್ತಗಿರಿ. ಜಪ್ತಿಯಾದ ಮುದ್ದೆಮಾಲು ಇಡುವ ಠಾಣೆಯ ಬೀರುವಿನಲ್ಲಿ ಮೂವತ್ತೇಳು ಡಿಗ್ರಿ ಕಾವು ಎಲ್ಲಿಂದ ಬರಬೇಕು? ಸಂಜೆ ನ್ಯಾಯಾಲಯದ ಆದೇಶ ಬಂತು: ಫ್ಲಾಸ್ಕ್ ವಿಭಾಗದ ವಶದಲ್ಲಿರಲಿ, ಎಣಿಕೆ ಮಾಡಿಕೊಳ್ಳಲಿ, ಆದರೆ ಪ್ರಕರಣ ಮುಗಿಯುವವರೆಗೆ ಅದನ್ನು ಜೀವಂತವಾಗಿ ಕಾಪಾಡತಕ್ಕದ್ದು.

ಇನ್‌ಸ್ಪೆಕ್ಟರ್ ಅದನ್ನು ಆತನಿಗೆ ಓದಿ ಹೇಳಿದರು.

"ಅಂದ್ರೆ, ಬ್ಲೀಚ್ ಹಾಕಲ್ವಾ?"

"ಕೇಸ್ ಮುಗಿಯೋವರೆಗೆ ಹಾಕೋ ಹಾಗಿಲ್ಲ."

"ಉಣಿಸೋರು?"

"ಮೇಡಂ ತಾವೇ ಉಣಿಸ್ತಾರಂತೆ."

"ಕೇಸ್ ಎಷ್ಟು ದಿನ ನಡೆಯುತ್ತೆ ಸರ್?"

"ತಪ್ಪು ಒಪ್ಪಿಕೊಂಡ್ರೆ ಅವತ್ತೇ ಮುಗೀತು. ಇಲ್ಲ ಅಂದ್ರೆ ವರ್ಷಗಟ್ಟಲೆ ಎಳೆಯುತ್ತೆ."

ಮೇ ಹದಿನಾರರಂದು ನ್ಯಾಯಾಧೀಶರು ಆರೋಪ ಓದಿಸಿ, ಒಪ್ಪುತ್ತೀರಾ ಎಂದು ಕೇಳಿದರು. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಒಂದೂ ಸುಳ್ಳು ಅಂಕಿ ಬರೆಯದಿದ್ದ ಆ ಮನುಷ್ಯ, ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇಲ್ಲ ಸ್ವಾಮಿ" ಎಂದ. ಬಳಿಕ, ಮುಂದಿನ ವಾಯಿದೆಯನ್ನು ಆದಷ್ಟು ದೂರಕ್ಕೆ ಹಾಕಿಕೊಡಿ ಎಂದು ಬೇಡಿಕೊಂಡ.