ತಿಪ್ಪವ್ವ ಮತ್ತು ಬೆರಕೆ ಭೂತ

ಬಹಳ ಹಿಂದೆ ಕಂಪಿನಕೋಟೆ ಎಂಬ ರಾಜಧಾನಿ ಇತ್ತು. ಹೆಸರಿಗೆ ಮಾತ್ರ ಕಂಪು. ಮೂಗು ಮುಚ್ಚದೆ ಯಾರೂ ಬೀದಿಗಿಳಿಯುತ್ತಿರಲಿಲ್ಲ. ಧೂಮಕೇಶನೆಂಬ ಮಾಂತ್ರಿಕ ಕೋಟೆಯ ಹೊರಗೆ ಒಂದು ಭೂತವನ್ನು ಕೂರಿಸಿ, “ಊರಿನ ಕಸವನ್ನೆಲ್ಲ ಒಟ್ಟಿಗೇ ಬೆರೆಸಿ ಇದರ ಬಾಯಿಗೆ ಸುರಿಯಿರಿ, ಆಮೇಲೆ ನಿಮಗೆ ಚಿಂತೆಯೇ ಇಲ್ಲ” ಎಂದಿದ್ದ. ಸೋಮಾರಿಗಳಿಗೆ ಇದಕ್ಕಿಂತ ಸಿಹಿ ಮಾತು ಬೇಕೆ? ಎಲ್ಲರೂ ಸುರಿದರು. ಭೂತ ಗುಡ್ಡದಷ್ಟಾಯಿತು.

ರಾಜ ಮೂರು ಸಲ ದಂಡು ಕಳಿಸಿದ. ಕತ್ತಿಯಿಂದ ಕಡಿದರು, ಭೂತ ಮತ್ತೆ ಕೂಡಿಕೊಂಡಿತು. ಬೆಂಕಿ ಹಚ್ಚಿದರು, ಹೊಗೆಯಾಗಿ ಮನೆಮನೆಗೆ ನುಗ್ಗಿತು. ಮಣ್ಣು ಮುಚ್ಚಿದರು, ಬಾವಿಗಳಲ್ಲಿ ಕಪ್ಪು ನೀರಾಗಿ ಉಕ್ಕಿತು. ಕೊನೆಗೊಂದು ದಿನ ಕಸದ ಗಾಡಿಯ ದ್ಯಾವಣ್ಣನನ್ನು ಗಾಡಿ ಸಮೇತ ನುಂಗಿತು.

ಬೀದಿ ಗುಡಿಸುವ ತಿಪ್ಪವ್ವ ಅವನ ಅಕ್ಕ. ಭೂತದ ಹೊಟ್ಟೆಗೆ ಕಿವಿಯಿಟ್ಟರೆ ತಮ್ಮ ಕೆಮ್ಮುವುದು ಕೇಳುತ್ತಿತ್ತು. ಕೆಮ್ಮು ದಿನೇದಿನೇ ಸಣ್ಣದಾಗುತ್ತಿತ್ತು. ಭೂತ ಅವಳನ್ನು ಮುಟ್ಟುತ್ತಿರಲಿಲ್ಲ. ಮೊದಲು ಹುಟ್ಟಿದ ಕೂಸುಗಳು ಉಳಿಯದ್ದಕ್ಕೆ ಅವ್ವ ಇವಳನ್ನು ತಿಪ್ಪೆಯ ಮೇಲೆ ಹೊರಳಿಸಿ ಆ ಹೆಸರಿಟ್ಟಿದ್ದಳು. ತಿಪ್ಪೆಯಲ್ಲಿ ಹೊರಳಿದವಳನ್ನು ಯಾವ ಭೂತವೂ ನುಂಗಲಾರದು.

ತಿಪ್ಪವ್ವ ಯೋಚಿಸಿದಳು. ಅವ್ವನ ತಿಪ್ಪೆ ಹೀಗೆ ನಾರುತ್ತಿರಲಿಲ್ಲ. ಕೊಳೆಯುವುದು ಮಾತ್ರ ಅಲ್ಲಿ ಬಿದ್ದು ಗೊಬ್ಬರವಾಗುತ್ತಿತ್ತು. ಹಾಗಾದರೆ ಈ ಭೂತದ ಜೀವವಿರುವುದು ಬೆರಕೆಯಲ್ಲೇ!

ಅವಳು ನೇರ ರಾಜನ ಬಳಿ ಹೋದಳು. “ಬುದ್ಧೀ, ದಂಡು ಬ್ಯಾಡ. ಮನೆಗೆ ಮೂರು ಬುಟ್ಟಿ ಇಡಿಸಿ. ಸಿಪ್ಪೆ, ಎಂಜಲು ಒಂದ್ರಾಗೆ. ಚಿಂದಿ, ತಗಡು, ಗಾಜು ಇನ್ನೊಂದ್ರಾಗೆ. ಬಣ್ಣದ ಕುಡಿಕೆ, ವಿಷದ ಕುಡಿಕೆ ಮತ್ತೊಂದ್ರಾಗೆ. ಮೂರು ದಿನ ಆ ಭೂತದ ಬಾಯಿಗೆ ಬೆರಕೆ ಬೀಳಬಾರದು.”

ರಾಜ ಡಂಗುರ ಸಾರಿಸಿದ. ಮೊದಲ ದಿನ ಸಿಪ್ಪೆಯೆಲ್ಲ ಗೊಬ್ಬರವಾಗಲೆಂದು ಎರೆಹುಳುಗಳ ಗುಂಡಿ ಸೇರಿತು, ಭೂತ ಆನೆಯಷ್ಟಾಯಿತು. ಎರಡನೆಯ ದಿನ ಚಿಂದಿ ನೇಕಾರರಿಗೆ, ತಗಡು ಕಮ್ಮಾರರಿಗೆ, ಗಾಜು ಬಳೆಗಾರರಿಗೆ ಹೋಯಿತು; ಭೂತ ಎಮ್ಮೆಯಷ್ಟಾಯಿತು. ಮೂರನೆಯ ದಿನ ವಿಷದ ಕುಡಿಕೆಗಳನ್ನು ಕಲ್ಲಿನ ಕೋಣೆಯಲ್ಲಿಟ್ಟು ಬಾಗಿಲು ಹಾಕಿದರು. ಅಷ್ಟರಲ್ಲಿ ಭೂತ ಗಹಗಹಿಸಿ ನಗುತ್ತಾ ಮತ್ತೆ ಗುಡ್ಡವಾಯಿತು.

ಆಗಿದ್ದಿಷ್ಟೆ: ಡಂಗುರ ಊರಿಗೆ, ಅರಮನೆಗಲ್ಲ ಎಂದುಕೊಂಡು ಅಡುಗೆಯವರು ಎಲ್ಲ ಬೆರೆಸಿ ಸುರಿದಿದ್ದರು.

ತಿಪ್ಪವ್ವ ಪೊರಕೆ ಹಿಡಿದೇ ಆಸ್ಥಾನಕ್ಕೆ ನುಗ್ಗಿದಳು. “ನನ್ನ ತಮ್ಮ ಅದರ ಹೊಟ್ಟೇಲವ್ನೆ ಬುದ್ಧೀ. ಅರಮನೆಯೋರು ಉಣ್ಣಾಕಿಲ್ವಾ? ಉಂಡ ಮೇಲೆ ಎಂಜಲಾಗಾಕಿಲ್ವಾ?”

ರಾಜ ತಲೆ ತಗ್ಗಿಸಿದ. ಕಿರೀಟ ತೆಗೆದಿಟ್ಟು ಅಡುಗೆಮನೆಯ ನೆಲದಲ್ಲಿ ಕೂತು ತಾನೇ ಕಸ ಬೇರೆ ಮಾಡತೊಡಗಿದ. ಧೂಮಕೇಶ ಓಡಿಬಂದು, “ಪ್ರಭುಗಳ ಕೈಗೆ ಇದೆಂಥ ಕೆಲಸ? ಬುಟ್ಟಿ ಇಲ್ಲಿ ಕೊಡಿ” ಎಂದ.

“ನನ್ನ ಮನೆಯ ಎಂಜಲು, ನನ್ನ ಕೈ” ಎಂದ ರಾಜ. ಬುಟ್ಟಿ ಕೊಡಲಿಲ್ಲ.

ಮತ್ತೆ ಮೂರು ದಿನ ಬೆರಕೆ ಬೀಳಲಿಲ್ಲ. ಭೂತ ಆನೆಯಾಯಿತು, ಎಮ್ಮೆಯಾಯಿತು. ಮೂರನೆಯ ಸಂಜೆ ಒಮ್ಮೆ ದೊಡ್ಡದಾಗಿ ತೇಗಿ ದ್ಯಾವಣ್ಣನನ್ನು ಉಗುಳಿ, ಒಂದು ಹಿಡಿ ಬೂದಿಯಾಯಿತು. ಅದರ ನಾತದಿಂದಲೇ ಬದುಕಿದ್ದ ಮಾಂತ್ರಿಕ ಹೊಗೆಯಾಗಿ ಗಾಳಿಗೆ ಹೋದ.

ದ್ಯಾವಣ್ಣ ಕಣ್ಣು ಬಿಟ್ಟು, “ಅಕ್ಕಾ, ಗಾಡಿ ಹೋಯ್ತು” ಎಂದ.

“ಗಾಡಿ ಹಾಳಾಗೋಗ್ಲಿ, ನೀನು ಬಂದ್ಯಲ್ಲಪ್ಪಾ” ಎಂದು ತಿಪ್ಪವ್ವ ಅವನ ತಲೆಗೊಂದು ಮೊಟಕಿ, ಗೊಳೋ ಎಂದು ಅತ್ತಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಎದೆ ತುಂಬ ಉಸಿರು ಬಂತು. ಆ ಉಸಿರಿನಲ್ಲಿ ಪಕ್ಕದ ಬೀದಿಯ ಒಗ್ಗರಣೆಯ ಘಮವಿತ್ತು.

ಆಮೇಲೆ ಕಂಪಿನಕೋಟೆಯವರು ಮೂಗು ಬಿಟ್ಟುಕೊಂಡೇ ಸುಖವಾಗಿದ್ದರು. ಮರುವರ್ಷ ಅರಮನೆಯಲ್ಲಿ ಹೆಣ್ಣುಕೂಸು ಹುಟ್ಟಿತು. ರಾಣಿ ಅದನ್ನೆತ್ತಿಕೊಂಡು ಎರೆಹುಳುಗಳ ಗುಂಡಿಗೆ ಬಂದು, ಮೆತ್ತನೆಯ ಗೊಬ್ಬರದ ಮೇಲೆ ಮೂರು ಸಲ ಹೊರಳಿಸಿದಳು. ಏನು ಹೆಸರಿಡುತ್ತೀರಿ ಎಂದು ಯಾರೂ ಕೇಳಲಿಲ್ಲ.