ಯಂತ್ರ ಎಸೆಯಿತು ಅಂದವನು

"ಏಯ್! ಆ ಯಂತ್ರ ತೆಗಿ ನನ್ನ ಮೈದಾನದಿಂದ!"

ರೋಶೆಲ್ ಕೂಗಿದ ರಭಸಕ್ಕೆ ಬೇಲಿಯ ಮೇಲೆ ಕೂತಿದ್ದ ಕಾಗೆಗಳು ಎದ್ದು ಹಾರಿದವು. ಆದರೆ ಆ ಹುಡುಗ ಮಾತ್ರ ಅಲ್ಲಾಡಲಿಲ್ಲ. ಚೆಂಡು ಎಸೆಯುವ ಯಂತ್ರವನ್ನು ಮೈದಾನದ ನಟ್ಟನಡುವೆ ನೆಟ್ಟು, ಮಾವನ ಮನೆಯ ಅಂಗಳದಲ್ಲಿ ನಿಂತವನ ಹಾಗೆ ನಿಂತಿದ್ದ.

ಜೂನ್ ತಿಂಗಳ ಬೆಳಗು. ಆಲಬಾಮಾದ ಬಿಸಿಲು ಇನ್ನೂ ಏರಿರಲಿಲ್ಲ, ರೋಶೆಲ್ ಕೋಪ ಮಾತ್ರ ಆಗಲೇ ನೆತ್ತಿಗೇರಿತ್ತು.

"ನಿನ್ನ ಮೈದಾನನಾ? ಎಲ್ಲಿ, ಹೆಸರು ಬರ್ದಿದ್ಯಾ?"

"ಬರ್ದಿದೆ. ಬೋರ್ಡ್ ಓದೋಕೆ ಬರಲ್ವಾ? ಮಹಿಳೆಯರ ಫ್ಲ್ಯಾಗ್ ಫುಟ್‌ಬಾಲ್!"

"ಓ... ಆ ಸೊಂಟದ ಪಟ್ಟಿ ಕಿತ್ಕೊಳ್ಳೋ ಆಟನಾ?" ಎಂದು ಅವನು ನಕ್ಕು ಬೆನ್ನು ತಿರುಗಿಸಿದ.

ಅಷ್ಟೇ! ರೋಶೆಲ್ ಚೀಲದಿಂದ ಒಂದು ಚೆಂಡು ತೆಗೆದು ಬೀಸಿದಳು. ಗುರಿ ನೇರವಾಗಿ ಅವನ ತಲೆಗೆ. ಗಾಳಿ ಸೀಳಿದ ಸದ್ದಿಗೆ ಅವನು ಗಕ್ಕನೆ ತಿರುಗಿ, ಒಂದೇ ಕೈಯಲ್ಲಿ ಚೆಂಡನ್ನು ಮೂಗಿನ ಮುಂದೆ ತಡೆದು ಹಿಡಿದ.

ತನ್ನ ಬೆರಳುಗಳೇ ಚೆಂಡು ಹಿಡಿದವೆಂದು ನಂಬಲಾರದವನಂತೆ ಕೈಯನ್ನು ತಿರುಗಿಸಿ ನೋಡಿಕೊಂಡ.

"ಇನ್ನೊಂದು ಎಸಿ," ಎಂದ ಅವನು. ದನಿಯಲ್ಲಿ ನಗು ಇರಲಿಲ್ಲ.

"ನಾನು ಎಸ್ದಿದ್ದು ಹೊಡೆಯೋಕೆ!"

"ಗೊತ್ತು. ಅದಕ್ಕೇ ಇನ್ನೊಂದು ಎಸಿ."

ಅವನು ಕೀನನ್ ಟಾಲಿವರ್. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ರಿಸೀವರ್, ಅಂದರೆ ಓಡಿಹೋಗಿ ಚೆಂಡು ಹಿಡಿಯುವವನು. ಇನ್ನೊಂದೇ ಸೀಸನ್ ಬಾಕಿ. ಅದು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಡ್ರಾಫ್ಟ್, ಅಂದರೆ ದುಡ್ಡಿಗೆ ಆಡುವ ದೊಡ್ಡ ತಂಡಗಳು ಕಾಲೇಜು ಹುಡುಗರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುವ ದಿನ. ಕೀನನ್‌ನನ್ನು ಯಾರೂ ಆರಿಸುವುದಿಲ್ಲ ಎಂದು ಬಲ್ಲವರೆಲ್ಲ ಹೇಳಿಬಿಟ್ಟಿದ್ದರು. ಕಾಲು ಚುರುಕು, ಕೈ ಮರ. ಚೆಂಡನ್ನು ಬೆರಳಲ್ಲಿ ಹಿಡಿಯದೆ ಎದೆಗೆ ಅವುಚಿಕೊಳ್ಳುತ್ತಾನೆ. ಅದನ್ನು ತಿದ್ದಿಕೊಳ್ಳೋಣವೆಂದರೆ ಎಸೆಯುವವರೇ ಇಲ್ಲ. ಹಳೆಯ ಕ್ವಾರ್ಟರ್‌ಬ್ಯಾಕ್ ಬೇರೆ ಕಾಲೇಜಿಗೆ ಹಾರಿದ್ದ, ಹೊಸಬ ಬರುವುದು ಆಗಸ್ಟ್‌ಗೆ.

ರೋಶೆಲ್ ಬ್ರಾಂಟ್ಲಿ ಹುಡುಗಿಯರ ತಂಡದ ಕ್ವಾರ್ಟರ್‌ಬ್ಯಾಕ್. ಎಸೆಯುವುದೇ ಅವಳ ಕೆಲಸ. ಮುಂದಿನ ಸೀಸನ್‌ಗೆ ನಾಯಕಿಯೂ ಅವಳೇ. ಆದರೆ ವಸಂತದಲ್ಲಿ ಭುಜ ನೋಯಿಸಿಕೊಂಡಿದ್ದಳು. "ಬೇಸಿಗೆ ಪೂರ್ತಿ ಒಂದು ಚೆಂಡು ಮುಟ್ಟಿದ್ರೂ ನಾಯಕಿ ಪಟ್ಟ ಕಿತ್ಕೋತೀನಿ!" ಎಂದು ಕೋಚ್ ಡಾರ್ಲೀನ್ ಕಟ್ಟಪ್ಪಣೆ ಮಾಡಿದ್ದರು. ಹಾಗೆಂದೇ ಅವಳು ಯಾರೂ ಇಲ್ಲದ ಹೊತ್ತಿಗೆ ಕದ್ದು ಬಂದಿದ್ದಳು. ಎಸೆಯದೆ ಇರುವುದು ಅವಳಿಂದಾಗದ ಕೆಲಸ.

"ನಾನು ಎಸೀತೀನಿ. ಆದ್ರೆ ನೀನು ಬಾಯಿ ಮುಚ್ಕೊಂಡಿರ್ಬೇಕು. ನಮ್ಮ ಕೋಚ್‌ಗೆ ಗೊತ್ತಾದ್ರೆ ನನ್ನ ನಾಯಕಿ ಪಟ್ಟ ಹೋಗುತ್ತೆ."

"ಮುಚ್ಕೊಂಡೆ," ಎಂದು ಅವನು ತುಟಿಯ ಮೇಲೆ ಬೆರಳಿಟ್ಟುಕೊಂಡ.

ಆ ಬೇಸಿಗೆಯೆಲ್ಲ ಜಗಳದಲ್ಲೇ ಕಳೆಯಿತು. ಅವನು ಚೆಂಡು ಬಿಟ್ಟರೆ ಅವಳು ಬೈಯುತ್ತಿದ್ದಳು. ಅವಳು ಮೇಲೆ ಎಸೆದರೆ ಅವನು ಬೈಯುತ್ತಿದ್ದ. ಗಂಡಸರ ಚೆಂಡು ಅವಳ ಕೈಗೆ ಒಂದಿಷ್ಟು ದಪ್ಪ. ಸಂಜೆ ಭುಜ ಜುಮುಗುಟ್ಟುತ್ತಿತ್ತು. ಅವಳ ಕೋಣೆಯ ಗೆಳತಿ ಟ್ವೈಲಾ ಮಂಜುಗಡ್ಡೆ ಕಟ್ಟುತ್ತಾ ಗೊಣಗುತ್ತಿದ್ದಳು: "ಯಾರಿಗೋಸ್ಕರ ಕಣೇ ಈ ಕರ್ಮ? ಅವನೇನು ನಿನ್ನ ಗಂಡನಾ?"

"ಥೂ! ನಾನು ನನ್ನ ಕೈಗೋಸ್ಕರ ಎಸೀತಿದೀನಿ."

ಹಾಗಂತ ಟ್ವೈಲಾಳೂ ಒಮ್ಮೊಮ್ಮೆ ದಪ್ಪ ದಿಂಬು ಹಿಡಿದು ಬಂದು, ಓಡುವ ಕೀನನ್‌ಗೆ ಅಡ್ಡ ನುಗ್ಗಿ ಗುದ್ದುತ್ತಿದ್ದಳು. ಆಮೇಲೆ ಮೂವರೂ ಬೇಲಿಗೊರಗಿ ಬೇಯಿಸಿದ ಕಡಲೆಕಾಯಿ ಸುಲಿದು ತಿನ್ನುತ್ತಿದ್ದರು.

ಜುಲೈ ಕೊನೆಯ ಹೊತ್ತಿಗೆ ಕೀನನ್‌ನ ಬೆರಳುಗಳಿಗೆ ಕಣ್ಣು ಬಂದಿತ್ತು. ಅವಳು ಎಲ್ಲಿ ಎಸೆದರೂ ಅಲ್ಲಿ ಅವನ ಕೈ!

ಒಂದು ಬೆಳಗ್ಗೆ ಅವನು ಅವಳ ಅಂಗೈಯ ಬೊಬ್ಬೆ ನೋಡಿದ. ನೋಡಿದವನು ಕೈ ಬಿಡಲಿಲ್ಲ.

"ರೋ... ಸೀಸನ್ ಶುರುವಾದ್ಮೇಲೂ ನಾವು..."

ಅವಳೂ ಕೈ ಎಳೆದುಕೊಳ್ಳಲಿಲ್ಲ. 'ಹೇಳೋ... ಮುಂದೆ ಹೇಳೋ...'

ಅಷ್ಟರಲ್ಲಿ ರಸ್ತೆಯಲ್ಲಿ ಅವನ ತಂಡದ ಹುಡುಗರ ಪಿಕಪ್ ಗಾಡಿ ಹಾರ್ನ್ ಹೊಡೆಯಿತು. ಕೀನನ್ ಅವಳ ಕೈಯನ್ನು ಕೆಂಡ ಮುಟ್ಟಿದವನಂತೆ ಬಿಟ್ಟು ದೂರ ಸರಿದ. ಅವಳಿಗೆ ಅದು ಚುರ್ರೆಂದಿತು. ಆದರೆ ಪ್ರೀತಿ ಹುಟ್ಟಿದ ಹೊಸದರಲ್ಲಿ ಇಂಥದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತೇವಲ್ಲ, ಅವಳೂ ಹಾಕಿಕೊಂಡಳು.

ಆಗಸ್ಟ್ ಬಂತು. ಪತ್ರಕರ್ತರು ತಂಡವನ್ನು ಮಾತಾಡಿಸುವ ದಿನವೂ ಬಂತು. ಊಟದ ಹಾಲ್‌ನಲ್ಲಿ ಟ್ವೈಲಾ ತನ್ನ ಫೋನನ್ನು ರೋಶೆಲ್ ಮುಂದೆ ಹಿಡಿದಳು. ಪರದೆಯಲ್ಲಿ ಕೀನನ್, ಟೈ ಕಟ್ಟಿಕೊಂಡು ಮದುವೆ ಗಂಡಿನ ಹಾಗೆ ಕೂತಿದ್ದ.

"ನಿಮ್ಮ ಕೈ ಪೂರ್ತಿ ಬದಲಾಗಿದೆಯಂತೆ. ಬೇಸಿಗೆಯಲ್ಲಿ ಚೆಂಡು ಎಸೆದವರು ಯಾರು?" ಎಂದು ಒಬ್ಬ ಕೇಳಿದ.

ಕೀನನ್ ಪಕ್ಕದ ಹುಡುಗರತ್ತ ಒಮ್ಮೆ ನೋಡಿ ನಕ್ಕ. "ಯಾರೂ ಇಲ್ಲ ಸರ್, ಯಂತ್ರ. ಅದು ಎದುರು ಮಾತಾಡಲ್ಲ, ಸುಸ್ತಾಯ್ತು ಅನ್ನಲ್ಲ... ಅದಕ್ಕಿಂತ ಒಳ್ಳೆ ಜೋಡಿ ಎಲ್ಲಿ ಸಿಗುತ್ತೆ?"

ಹುಡುಗರೆಲ್ಲ ಹೋ ಎಂದು ನಕ್ಕರು.

ರೋಶೆಲ್ ನಗಲಿಲ್ಲ. ಅವಳ ಮುಂದಿನ ಮೀನಿನ ತಟ್ಟೆ ಹಾಗೇ ಆರಿತು.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಕೆಸರಾದದ್ದು ಒಬ್ಬಳ ಕೈ, ಮೊಸರು ಮೆತ್ತಿಕೊಂಡದ್ದು ಇನ್ನೊಬ್ಬನ ಬಾಯಿ!

'ಯಂತ್ರ... ನಾನು ಯಂತ್ರ!'

ಜಿಮ್ಮಿನ ಹಿಂದಿನ ಮೆಟ್ಟಿಲ ಮೇಲೆ ಅವನು ಸಿಕ್ಕಿದ. ಅವಳನ್ನು ಕಂಡಕೂಡಲೇ ಎರಡೂ ಕೈ ಎತ್ತಿದ. "ರೋ, ಒಂದ್ನಿಮಿಷ ಕೇಳು..."

"ಯಂತ್ರ ಮಾತಾಡಲ್ವಲ್ಲ ಕೀನನ್? ಈಗ ಮಾತಾಡುತ್ತೆ, ನೀನೇ ಕೇಳು! ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ ಬೇಕು ಅಂತ ತಾನೇ?"

"ನಿನಗೋಸ್ಕರ ಹಾಗಂದೆ ಕಣೇ! ನಿನ್ನ ಕೋಚ್‌ಗೆ ಗೊತ್ತಾದ್ರೆ ನಿನ್ನ ನಾಯಕಿ ಪಟ್ಟ ಹೋಗ್ತಿತ್ತಲ್ಲ? ಬಾಯಿ ಮುಚ್ಕೊಂಡಿರು ಅಂದವಳು ನೀನೇ ತಾನೇ?"

"ಹೌದು, ಮುಚ್ಕೊಂಡಿರು ಅಂದೆ. ಹಲ್ಲು ಕಿರಿ ಅಂದಿರ್ಲಿಲ್ಲ! ಯಾರೋ ಸ್ನೇಹಿತರು ಅನ್ನಬಹುದಿತ್ತು. ಹೇಳಲ್ಲ ಅನ್ನಬಹುದಿತ್ತು. ಉತ್ತರ ಕೊಡೋಕೆ ಮುಂಚೆ ನೀನು ಆ ಹುಡುಗರ ಮುಖ ಯಾಕೆ ನೋಡ್ದೆ?"

ಕೀನನ್ ಒಂದು ಮೆಟ್ಟಿಲು ಹಿಂದೆ ಸರಿದ.

"ನಿಜ ಹೇಳು. ಅವತ್ತು ಪಿಕಪ್ ಬಂದಾಗ ನನ್ನ ಕೈ ಬಿಟ್ಟಿದ್ದೂ ನನಗೋಸ್ಕರಾನಾ?"

ಅವನು ತಲೆ ತಗ್ಗಿಸಿದ. "ಅರ್ಧ ನಿನಗೋಸ್ಕರ..." ಎಂದ.

"ಇನ್ನರ್ಧ?"

"ನಾಚಿಕೆ ಆಯ್ತು... ಹುಡುಗಿ ಹತ್ರ ಕಲಿತ ಅಂತ ಅವರು ಸೀಸನ್ ಪೂರ್ತಿ ಆಡ್ಕೋತಾರೆ ಅಂತ."

ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ರೋಶೆಲ್ ಕಣ್ಣು ತುಂಬಿ ಬಂತು. ಇಂಥವನ ಮುಂದೆ ಅಳುವುದೇ? ಅವಳು ರೆಪ್ಪೆ ಬಡಿದು ನೀರನ್ನು ಒಳಗೇ ಇಂಗಿಸಿಕೊಂಡಳು.

"ನನ್ನ ಸೆರಗಿನ ಹಿಂದೆ ನಿನ್ನ ನಾಚಿಕೆ ಬಚ್ಚಿಡೋಕೆ ನಾನು ಬಿಡಲ್ಲ," ಎಂದು ಅವಳು ಸೀದಾ ಕೋಚ್ ಡಾರ್ಲೀನ್ ಕೋಣೆಗೆ ನಡೆದಳು.

"ಮೇಡಂ, ಬೇಸಿಗೆ ಪೂರ್ತಿ ನಾನು ಚೆಂಡು ಎಸ್ದಿದೀನಿ. ಟಾಲಿವರ್‌ಗೆ. ದಿನಾ."

ಕೋಚ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಭುಜ?"

"ನೋವಿಲ್ಲ ಮೇಡಂ."

"ಪುಣ್ಯ ನಿಂದು. ನಾಯಕಿ ಪಟ್ಟ ಹೋಯ್ತು, ಗೊತ್ತಲ್ಲ?"

"ಗೊತ್ತು ಮೇಡಂ."

"ನೀನಾಗೇ ಯಾಕಮ್ಮ ಬಂದು ಹೇಳ್ದೆ? ನನಗೆ ಯಾರೂ ಹೇಳಿರ್ಲಿಲ್ಲ."

"ಇದೊಂದು ಗುಟ್ಟು ಇರೋವರೆಗೂ ಒಬ್ಬನಿಗೆ ನೆಪ ಸಿಗ್ತಿತ್ತು ಮೇಡಂ. ಈಗ ಸಿಗಲ್ಲ."

ಸಂಜೆಯೊಳಗೆ ಸುದ್ದಿ ಕಾಲೇಜೆಲ್ಲ ಹರಡಿತು: ಬ್ರಾಂಟ್ಲಿಯ ನಾಯಕಿ ಪಟ್ಟ ಹೋಯಿತಂತೆ, ಅಪ್ಪಣೆ ಮೀರಿ ಚೆಂಡು ಎಸೆದಳಂತೆ. ಯಾರಿಗೆ ಎಸೆದಳು ಎಂದು ಅವಳು ಹೇಳಲಿಲ್ಲ, ಕೋಚ್ ಕೂಡ ಹೇಳಲಿಲ್ಲ. ಕೀನನ್ ಮಾತ್ರ ಅನ್ನ ಸೇರದೆ ಓಡಾಡಿದ. ಹತ್ತಾರು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ.

ಮರುವಾರ ತಂಡದ ಅಭ್ಯಾಸಕ್ಕೆ ಹ್ಯಾಂಕಿನ್ಸ್ ಎಂಬ ಸ್ಕೌಟ್ ಬಂದ. ವೃತ್ತಿ ತಂಡದ ಕಣ್ಣು ಅವನು. ಅವನು ತಲೆಯಾಡಿಸಿದ ಹುಡುಗನಿಗೆ ಏಪ್ರಿಲ್‌ನಲ್ಲಿ ಬಾಗಿಲು ತೆರೆಯುತ್ತದೆ. ಹುಡುಗರ ಅಭ್ಯಾಸ ಮುಗಿದ ಮೇಲೆ ಅದೇ ಮೈದಾನ ಹುಡುಗಿಯರಿಗೆ. ರೋಶೆಲ್ ಮತ್ತು ಟ್ವೈಲಾ ಬೇಲಿಯ ಹತ್ತಿರ ಕಾಯುತ್ತಿದ್ದರು.

ಹುಡುಗರು ನೀರು ಕುಡಿಯಲು ನಿಂತಾಗ ಹ್ಯಾಂಕಿನ್ಸ್ ಕೀನನ್ ಹತ್ತಿರ ಬಂದ.

"ಯಂತ್ರ ಅಂದ್ಯಂತೆ ಪತ್ರಿಕೆಯವರಿಗೆ. ನನಗೆ ಆ ಕಥೆ ಬೇಡ ಮಗಾ. ಯಂತ್ರ ಒಂದೇ ಕಡೆ ಎಸೆಯುತ್ತೆ. ನೀನು ಕೆಟ್ಟ ಚೆಂಡನ್ನೂ ಬೆರಳಲ್ಲಿ ಕೀಳ್ತೀಯ. ಯಾರೋ ಮನುಷ್ಯರೇ ಎಸ್ದಿದಾರೆ. ಯಾರು?"

ಸುತ್ತ ಹುಡುಗರೆಲ್ಲ ಕಿವಿ ನಿಮಿರಿಸಿದರು. ಕೀನನ್ ಬೇಲಿಯತ್ತ ನೋಡಿದ. ರೋಶೆಲ್ ಬೇಕೆಂದೇ ಬೇರೆಡೆ ನೋಡುತ್ತಿದ್ದಳು.

"ರೋಶೆಲ್ ಬ್ರಾಂಟ್ಲಿ, ಸರ್," ಎಂದ ಅವನು. ದನಿ ಮೊದಲು ಒಡೆಯಿತು, ಆಮೇಲೆ ಗಟ್ಟಿಯಾಯಿತು. "ಅಲ್ಲಿ ನಿಂತಿದ್ದಾಳಲ್ಲ, ಅವಳು. ಬೇಸಿಗೆ ಪೂರ್ತಿ ಎಸೆದ್ಲು. ನನ್ನಿಂದ ಅವಳ ನಾಯಕಿ ಪಟ್ಟ ಹೋಯ್ತು. ಮೊನ್ನೆ ನಾನು ಸುಳ್ಳು ಹೇಳ್ದೆ."

"ಓಹೋಹೋ! ಹುಡುಗಿ ಹತ್ರ ಟ್ಯೂಷನ್ನಾ?" ಎಂದು ಒಬ್ಬ ಶಿಳ್ಳೆ ಹೊಡೆದ.

"ಹೌದು, ಟ್ಯೂಷನ್ನೇ. ನಿನಗೂ ಬೇಕಿತ್ತು, ಹೋದ ವರ್ಷ ನೀನು ಬಿಟ್ಟ ಚೆಂಡುಗಳನ್ನ ನೆನಸ್ಕೊ!"

ನಗು ಈಗ ಶಿಳ್ಳೆ ಹೊಡೆದವನ ಮೇಲೆ ತಿರುಗಿತು.

ರೋಶೆಲ್‌ಗೆ ಎಲ್ಲವೂ ಕೇಳಿಸಿತು. 'ಈಗ ಹೇಳಿದ್ರೆ ಏನಂತೆ? ನನ್ನ ಕೋಪ ಅಷ್ಟು ಅಗ್ಗನಾ?' ಎಂದುಕೊಂಡಳು. ಆದರೂ ಅವಳ ಕಣ್ಣು ತಾನಾಗೇ ಅವನತ್ತ ತಿರುಗಿತು.

ಹ್ಯಾಂಕಿನ್ಸ್ ಬೇಲಿಯವರೆಗೆ ನಡೆದು ಬಂದ.

"ಏನಮ್ಮಾ, ಅವನಿಗೆ ಎಸೆದವಳು ನೀನು. ನನಗಿಂತ ನಿನಗೆ ಚೆನ್ನಾಗಿ ಗೊತ್ತಿರುತ್ತೆ. ಅವನಲ್ಲಿ ಕೊರತೆ ಏನು?"

ಈ ದಿನಕ್ಕಾಗಿಯೇ ಅವಳ ಕೋಪ ಹಲ್ಲು ಮಸೆಯುತ್ತಿತ್ತು! ಒಂದು ಮಾತು ಸಾಕು, ಕೀನನ್‌ನ ಏಪ್ರಿಲ್ ಮಣ್ಣುಪಾಲು. ಒಂದು ಹೊಗಳಿಕೆ ಸಾಕು, ಮೇಲೇರಿಬಿಡುತ್ತಾನೆ. ಕೀನನ್ ಮಾತು ಕೇಳಿಸುವಷ್ಟೇ ದೂರದಲ್ಲಿ ನಿಂತಿದ್ದ.

ಅವಳು ಎರಡನ್ನೂ ಮಾಡಲಿಲ್ಲ.

"ಕೈ ಒಳ್ಳೇದು ಸರ್. ಕಲಿಯೋ ಬುದ್ಧಿ ಇದೆ. ಆದ್ರೆ ಮೈದಾನದ ಮಧ್ಯೆ ಅಡ್ಡ ಓಡುವಾಗ, ಯಾರೋ ಬಂದು ಗುದ್ದುತ್ತಾರೆ ಅಂತ ಗೊತ್ತಾದ್ರೆ ಕೈ ಒಳಗೆ ಎಳ್ಕೋತಾನೆ. ಇವಳು ದಿಂಬು ಹಿಡ್ಕೊಂಡು ಬಂದ್ರೂ ಎಳ್ಕೋತಾನೆ. ಶಕ್ತಿ ಇಲ್ದೇ ಅಲ್ಲ, ಹೆದರಿಕೆ."

ಟ್ವೈಲಾ ಅವಳ ತೋಳು ಚಿವುಟಿದಳು. "ಅಯ್ಯೋ, ಕೊಂದುಬಿಟ್ಯಲ್ಲೇ!"

ಹ್ಯಾಂಕಿನ್ಸ್ ನಗಲೂ ಇಲ್ಲ, ಬೇಸರಿಸಲೂ ಇಲ್ಲ. "ನನಗೂ ಹಾಗೇ ಅನ್ನಿಸಿತ್ತು," ಎಂದು ಹೊರಟುಹೋದ.

ಕೀನನ್ ಅವಳನ್ನೇ ನೋಡಿದ. ಅವನ ಮುಖ ಕಪ್ಪಿಟ್ಟಿತ್ತು. ಅವಳೂ ಕಣ್ಣು ತಗ್ಗಿಸಲಿಲ್ಲ. 'ಬೈ, ಬೇಕಾದ್ರೆ ಬೈ. ನಾನು ಸುಳ್ಳು ಹೇಳಿಲ್ಲ.'

ಸೀಟಿ ಮೊಳಗಿತು. ಅವನು ಹೆಲ್ಮೆಟ್ ಹಾಕಿಕೊಂಡು ಓಡಿದ.

ಅಭ್ಯಾಸದ ಮುಂದಿನ ಸರದಿಯಲ್ಲೇ ಹೊಸ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ನಟ್ಟನಡುವೆ ಎತ್ತರಕ್ಕೆ ಎಸೆದ. ಎದುರಿನಿಂದ ತಡೆಯುವ ಕಡೆಯ ಭಾರೀ ಹುಡುಗನೊಬ್ಬ ಗೂಳಿಯಂತೆ ನುಗ್ಗಿ ಬರುತ್ತಿದ್ದ. ಕೀನನ್‌ಗೆ ಅದು ಕಾಣುತ್ತಿತ್ತು. ಎಲ್ಲರಿಗೂ ಕಾಣುತ್ತಿತ್ತು.

ಅವನು ಎರಡೂ ಕೈ ಚಾಚಿ ಮೇಲಕ್ಕೆ ಹಾರಿದ.

ಢಬ್!

ಗುದ್ದಿದ ಸದ್ದು ಬೇಲಿಯವರೆಗೂ ಕೇಳಿಸಿತು. ಕೀನನ್ ಅಂಗಾತ ಬಿದ್ದ. ಚೆಂಡು ಅವನ ಕೈಯಲ್ಲೇ ಇತ್ತು. ಅವನು ಮಾತ್ರ ಏಳಲಿಲ್ಲ.

ರೋಶೆಲ್ ಯಾವಾಗ ಬೇಲಿ ಹಾರಿದಳೋ ಅವಳಿಗೇ ಗೊತ್ತಿಲ್ಲ. ಓಡಿಬಂದು, ಮೊಣಕಾಲೂರಿ ಕೂತವಳೇ ಬೈಯಲು ಶುರುಮಾಡಿದಳು.

"ಮುಠ್ಠಾಳ! ಕತ್ತೆ! ಇವತ್ತೇ ತೋರಿಸ್ಬೇಕಿತ್ತಾ? ಪಕ್ಕೆ ಮುರ್ಕೊಂಡ್ರೆ ಸೀಸನ್ ಪೂರ್ತಿ ನಿನ್ನಪ್ಪ ಬಂದು ಆಡ್ತಾನಾ? ಏಳೋ... ಮಾತಾಡೋ..."

ಬೈಗುಳದ ನಡುವೆಯೇ ಅವಳ ಕಣ್ಣೀರು ಅವನ ಜೆರ್ಸಿಯ ಮೇಲೆ ತೊಟ್ಟಿಕ್ಕಿತು. ಕೀನನ್ ಎಳೆದೆಳೆದು ಉಸಿರು ತಂದುಕೊಂಡ.

"ಪಕ್ಕೆ... ಸರಿಯಿದೆ. ಉಸಿರು... ಹೋಗಿತ್ತು ಅಷ್ಟೇ."

ತಂಡದ ವೈದ್ಯ ಅವನನ್ನು ಮುಟ್ಟಿ ನೋಡಿ, ಏನೂ ಆಗಿಲ್ಲವೆಂದು ಬೆಂಚಿನ ಮೇಲೆ ಕೂರಿಸಿದ. ಹ್ಯಾಂಕಿನ್ಸ್ ದೂರದಿಂದಲೇ ಟೋಪಿ ಮುಟ್ಟಿಕೊಂಡು ಕಾರಿನತ್ತ ಹೊರಟ. ಒಳ್ಳೆಯದೋ ಕೆಟ್ಟದ್ದೋ ಏನನ್ನೂ ಹೇಳಲಿಲ್ಲ. ಸೀಸನ್ ಇನ್ನೂ ಮುಂದಿತ್ತು.

"ನನ್ನ ಬಗ್ಗೆ ಅವನ ಹತ್ರ ಹಾಗಂದ್ಯಲ್ಲ..." ಎಂದ ಕೀನನ್.

"ಅಂದೆ. ನಿಜ ತಾನೇ?"

"ನಿಜಾನೇ. ಬರೀ ಚೆಂಡಿನ ವಿಷಯದಲ್ಲಲ್ಲ." ಅವನು ಅವಳ ಕೈ ಹಿಡಿದ. ಇಡೀ ತಂಡ ನೋಡುತ್ತಿತ್ತು. "ನಿನ್ನ ಪಟ್ಟ ನಾನು ವಾಪಸ್ ತರೋಕಾಗಲ್ಲ ರೋ. ಆ ದಿನ ನಕ್ಕಿದ್ದನ್ನೂ ವಾಪಸ್ ತಗೊಳೋಕಾಗಲ್ಲ. ಆದ್ರೆ ನಾನು ನಿನ್ನ ಪ್ರೀತಿಸ್ತೀನಿ."

"ಗಟ್ಟಿಯಾಗಿ ಹೇಳು. ಆ ಹುಡುಗರಿಗೆ ಕೇಳಿಸ್ಲಿಲ್ಲ."

ಕೀನನ್ ಎದೆ ತುಂಬ ಉಸಿರೆಳೆದು, "ರೋಶೆಲ್ ಬ್ರಾಂಟ್ಲಿ, ನಾನು ನಿನ್ನ ಪ್ರೀತಿಸ್ತೀನಿ!" ಎಂದು ಕೂಗಿದ. ಕೂಗಿ, "ಅಮ್ಮಾ" ಎಂದು ಪಕ್ಕೆ ಹಿಡಿದುಕೊಂಡ.

"ಸಾಕು ಸಾಕು! ಪ್ರಾಣ ಬಿಟ್ಟೀಯಾ." ಅವಳು ಮಂಜುಗಡ್ಡೆಯ ಚೀಲವನ್ನು ಅವನ ಪಕ್ಕೆಗೆ ಒತ್ತಿದಳು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ.

"ಮತ್ತೆ... ನಿನ್ನ ಉತ್ತರ?"

"ನನಗೆ ಇನ್ನೂ ಕೋಪ ಇದೆ ಕೀನನ್. ತುಂಬಾ ಇದೆ."

"ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ. ಹೋಗೋವರೆಗೂ ಇಲ್ಲೇ ಪಕ್ಕದಲ್ಲಿ ಕೂತಿರ್ತೀನಿ."

ಅವನು ಅಳುಕುತ್ತಾ ಕೇಳಿದ: "ಹೋದ್ಮೇಲೆ?"

ರೋಶೆಲ್ ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಹೋದ್ಮೇಲೂ."